ಕೇಜನ್ ಊಟ ಅಂದ್ರೆ ಬರೀ ಖಾರವಾ?

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ನೀನಿರೋದು ಲೂಸಿಯಾನಾ ಅಲ್ವಾ? ಅಲ್ಲಿ ಕೇಜನ್ ಊಟ ಅಂತೆ. ಆ ಖಾರದ ಆಲೂಗಡ್ಡೇನ ದಿನಾ ಹೆಂಗೆ ತಿಂತೀಯಾ?"

ಅವರು ಹೇಳುವುದು ಬೆಂಗಳೂರಿನ ಪಬ್ಬುಗಳಲ್ಲಿ, ಬಾರ್ಬೆಕ್ಯೂ ಹೋಟೆಲುಗಳಲ್ಲಿ ಕೊಡುವ ಕೇಜನ್ ಪೊಟ್ಯಾಟೊ. ಸಣ್ಣ ಆಲೂಗಡ್ಡೆ ಜಜ್ಜಿ, ಕರಿದು, ಮೇಲೆ ಮಸಾಲೆ ಕಲಸಿದ ಮೇಯೊನೀಸ್ ಸುರಿದಿರುತ್ತಾರೆ. ತಿನ್ನಲು ಚೆನ್ನಾಗೇ ಇರುತ್ತದೆ. ಆದರೆ ಅಮೆರಿಕಾದ ಲೂಸಿಯಾನಾ ರಾಜ್ಯದ ಲಫಾಯೆಟ್ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಇಲ್ಲಿನ ಯಾವ ಊಟದಂಗಡಿಯಲ್ಲೂ ಅದನ್ನು ನಾನು ನೋಡಿಲ್ಲ.

ಹಾಗಾದರೆ ಕೇಜನ್ ಊಟ ಅಂದರೆ ಏನು? ಅನ್ನ ಮತ್ತು ಗ್ರೇವಿ. ನನ್ನ ಉತ್ತರ ಇಷ್ಟೇ. ಖಾರ ಇಲ್ಲ ಅಂತಲ್ಲ. ಕರಿಮೆಣಸು, ಒಣಮೆಣಸಿನ ಪುಡಿ ಎರಡೂ ಬೀಳುತ್ತವೆ. ಟೇಬಲ್ ಮೇಲೆ ಟಬ್ಯಾಸ್ಕೊ ಅನ್ನುವ ಮೆಣಸಿನ ಸಾಸಿನ ಬಾಟಲಿ ಇದ್ದೇ ಇರುತ್ತದೆ. 1868ರಿಂದ ಅದನ್ನು ಮಾಡುತ್ತಿರುವ ಏವರಿ ಐಲೆಂಡ್ ನಮ್ಮ ಮನೆಯಿಂದ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಆದರೂ ಮಂಡ್ಯದ ನಾಲಿಗೆಗೆ ಇದು ಖಾರ ಅನ್ನಿಸುವುದಿಲ್ಲ.

ನಾನು ವಾರಕ್ಕೆ ಎರಡು ಸಲವಾದರೂ ಹೋಗುವ ಅಂಗಡಿ ಒಂದಿದೆ. ಅಜ್ಜಿ, ಮಗಳು, ಅಳಿಯ, ರಜೆಯಲ್ಲಿ ಮೊಮ್ಮಗ. ಇಷ್ಟೇ ಜನ. ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೆದರೆ ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತಾರೆ. ಪಾತ್ರೆ ಖಾಲಿಯಾದರೆ ಅದಕ್ಕೂ ಮುಂಚೆಯೇ. ಇಂಥ ಊಟಕ್ಕೆ ಇಲ್ಲಿ ಪ್ಲೇಟ್ ಲಂಚ್ ಅಂತಾರೆ. ಒಂದು ಮಾಂಸದ ಅಡುಗೆ, ಅನ್ನ, ಗ್ರೇವಿ, ಜೊತೆಗೆ ಎರಡು ಪಲ್ಯ, ಒಂದು ಬನ್ನು. ಯಾವ ವಾರ ಏನು ಅನ್ನುವುದು ಗೋಡೆಯ ಬೋರ್ಡಿನಲ್ಲಿ ಬರೆದಿರುತ್ತದೆ. ಸೋಮವಾರ ರೆಡ್ ಬೀನ್ಸ್, ಗುರುವಾರ ಕೋಳಿ, ಶುಕ್ರವಾರ ಮೀನು ಅಥವಾ ಕ್ರಾಫಿಶ್, ಅಂದರೆ ಸೀಗಡಿಯಂಥ ಸಿಹಿನೀರಿನ ಜೀವಿ. ಇಲ್ಲಿನವರಲ್ಲಿ ಕ್ಯಾಥೊಲಿಕರು ಜಾಸ್ತಿ. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅವರು ಮಾಂಸ ಮುಟ್ಟುವುದಿಲ್ಲ. ಆಗ ಮೀನಿನ ಸಾಲು ಬಾಗಿಲಾಚೆಗೂ ಹೋಗಿರುತ್ತದೆ.

ಬಡಿಸುವುದನ್ನು ನೋಡಬೇಕು. ಅಜ್ಜಿ ತಟ್ಟೆಗೆ ಅನ್ನ ಹಾಕಿ, ಸೌಟಿನ ಬೆನ್ನಿನಿಂದ ನಡುವೆ ಒತ್ತಿ ಗುಳಿ ಮಾಡುತ್ತಾರೆ. ಆ ಗುಳಿಗೆ ಗ್ರೇವಿ ಬಿಡುತ್ತಾರೆ. ನಮ್ಮಮ್ಮ ಸಾರಿಗೆ ಮಾಡುತ್ತಿದ್ದದ್ದೂ ಅದೇ ಗುಳಿ. ಮೊದಲ ದಿನ ಅದನ್ನು ನೋಡಿ ನಾನು ಸಾಲಿನಲ್ಲಿ ಸುಮ್ನೆ ನಿಂತುಬಿಟ್ಟೆ. ಹಿಂದಿನವರು ಮುಂದೆ ಹೋಗಿ ಅನ್ನಬೇಕಾಯಿತು.

ಗ್ರೇವಿ ಅಂದರೆ ನಮ್ಮ ಕಡೆ ಮಸಾಲೆ ರುಬ್ಬಬೇಕು, ಅಲ್ವಾ? ಇಲ್ಲಿ ರುಬ್ಬುವುದೇನೂ ಇಲ್ಲ. ದಪ್ಪ ತಳದ ಕಬ್ಬಿಣದ ಪಾತ್ರೆ ಬೇಕು, ಸಮಯ ಬೇಕು. ಮಾಂಸಕ್ಕೆ ಉಪ್ಪು, ಮೆಣಸು ಸವರಿ ಬಿಸಿ ಎಣ್ಣೆಗೆ ಹಾಕುತ್ತಾರೆ. ಅದು ತಳಕ್ಕೆ ಅಂಟಿಕೊಳ್ಳಬೇಕು. ಅಂಟಿ, ಕಂದು ಬಣ್ಣಕ್ಕೆ ತಿರುಗಬೇಕು. ಆಗ ಒಂದು ಚೂರು ನೀರು ಚಿಮುಕಿಸಿ ಮರದ ಸೌಟಿನಿಂದ ಕೆರೆಯುತ್ತಾರೆ. ನೀರು ಆರಿ ಮತ್ತೆ ಅಂಟಲಿ ಅಂತ ಬಿಡುತ್ತಾರೆ. ಮತ್ತೆ ನೀರು, ಮತ್ತೆ ಕೆರೆತ. ಪ್ರತಿ ಸಲಕ್ಕೂ ಬಣ್ಣ ಏರುತ್ತದೆ. ಆಮೇಲೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಈ ಮೂರಕ್ಕೂ ಸೇರಿ ಇಲ್ಲಿ ಟ್ರಿನಿಟಿ ಅನ್ನುತ್ತಾರೆ. ಅದು ಬಾಡಿದ ಮೇಲೆ ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ. ಹನ್ನೊಂದಕ್ಕೆ ಊಟ ಬಡಿಸಬೇಕಾದರೆ ಬೆಳಿಗ್ಗೆ ಆರಕ್ಕೇ ಒಲೆ ಹಚ್ಚಿರಬೇಕು.

ನಾವು ತಳ ಹಿಡಿಯಿತು ಅಂತ ಬೈಸಿಕೊಳ್ಳುವ ಸೀಕಲು ಇದೆಯಲ್ಲ, ಇವರ ರುಚಿ ಇರುವುದೇ ಅದರಲ್ಲಿ. ಸೀದು ಕಪ್ಪಾಗುವುದಕ್ಕೆ ಒಂದು ಗಳಿಗೆ ಮುಂಚೆ ನಿಲ್ಲಿಸಬೇಕು, ಅಷ್ಟೇ. ಆ ಗಳಿಗೆ ಯಾವುದು ಅಂತ ಅಜ್ಜಿ ವಾಸನೆಯಿಂದ ಹೇಳುತ್ತಾರೆ.

ಮತ್ತೆ ಈ ಖಾರದ ಹೆಸರು ಹೇಗೆ ಬಂತು? ಹೆಚ್ಚಾಗಿ ಪಾಲ್ ಪ್ರುಡೋಮ್ ಅವರಿಂದ. ನಮ್ಮ ಪಕ್ಕದ ಆಪಲೂಸಸ್ ಕಡೆಯ ರೈತರ ಮನೆಯವರು, ಹದಿಮೂರು ಮಕ್ಕಳಲ್ಲಿ ಕೊನೆಯವರು. 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹೋಟೆಲು ತೆರೆದರು. ರೆಡ್‌ಫಿಶ್ ಅನ್ನುವ ಮೀನನ್ನು ಬೆಣ್ಣೆ, ಮಸಾಲೆಯಲ್ಲಿ ಹೊರಳಿಸಿ, ಕೆಂಡದಂತೆ ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಸುಟ್ಟು ಕೊಟ್ಟರು. ಅಮೆರಿಕಾಕ್ಕೆ ಅದರ ಹುಚ್ಚು ಹಿಡಿಯಿತು. ಕೊನೆಗೆ ಸಮುದ್ರದಲ್ಲಿ ಆ ಮೀನು ಕಡಿಮೆಯಾಗಿ, 1980ರ ದಶಕದಲ್ಲಿ ಅದನ್ನು ವ್ಯಾಪಾರಕ್ಕೆ ಹಿಡಿಯುವುದನ್ನೇ ತಡೆಯಬೇಕಾಯಿತು. ಹೊರಗಿನವರಿಗೆ ಆ ಕೆಂಪು ಪುಡಿಯೇ ಕೇಜನ್ ಆಯಿತು. ಅಲ್ಲಿಂದ ಬೆಂಗಳೂರಿನ ಆಲೂಗಡ್ಡೆವರೆಗೂ ಬಂತು. ಪ್ರುಡೋಮ್ ದೊಡ್ಡ ಅಡುಗೆಗಾರ, ನನಗೆ ಗೌರವ ಇದೆ. ಆದರೆ ಪುಡಿ ಡಬ್ಬಿಯಲ್ಲಿ ಊರೂರಿಗೆ ಹೋಯಿತು, ಮೂರು ಗಂಟೆಯ ಗ್ರೇವಿ ಇಲ್ಲೇ ಉಳಿಯಿತು.

ಕೇಜನ್ ಅನ್ನುವುದು ಮಸಾಲೆಯ ಹೆಸರಲ್ಲ, ಜನರ ಹೆಸರು. ಈಗ ಕೆನಡಾದ ನೋವಾ ಸ್ಕೋಶಿಯಾ ಇರುವ ಕಡೆ ಅಕೇಡಿ ಅಂತ ಫ್ರೆಂಚರ ನೆಲೆ ಇತ್ತು. 1755ರಿಂದ ಬ್ರಿಟಿಷರು ಅವರನ್ನು ಹಡಗು ಹತ್ತಿಸಿ ಓಡಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ ಕಳೆದುಕೊಂಡರು. ಎಷ್ಟೋ ಸಂಸಾರಗಳು ಒಡೆದುಹೋದವು. 1765ರ ಹೊತ್ತಿಗೆ ಅವರಲ್ಲಿ ಕೆಲವರು ಈ ಜೌಗು ನೆಲಕ್ಕೆ ಬಂದು ಸೇರಿದರು. ಅಕಾಡಿಯನ್ ಅನ್ನುವುದು ಬಾಯಲ್ಲಿ ಸವೆದು ಕೇಜನ್ ಆಯಿತು.

ಬರೀ ಅವರ ಊಟ ಅಂದರೂ ತಪ್ಪಾಗುತ್ತದೆ. ಇಲ್ಲಿನ ಗಟ್ಟಿ ಸಾರಿಗಿರುವ ಗಂಬೊ ಅನ್ನುವ ಹೆಸರು ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇದ್ದ ಹೆಸರು. ಗುಲಾಮರಾಗಿ ಬಂದವರು ತಂದದ್ದು. ಗಂಬೊ ಮೇಲೆ ಉದುರಿಸುವ ಫೀಲೆ ಪುಡಿ ಸಾಸಫ್ರಾಸ್ ಮರದ ಎಲೆಯದು, ಅದನ್ನು ತೋರಿಸಿಕೊಟ್ಟವರು ಇಲ್ಲಿನ ಮೂಲದ ಚಾಕ್ಟಾ ಜನ. ಆಫ್ರಿಕಾ, ಫ್ರೆಂಚ್ ಮೂಲ ಬೆರೆತ ಕಪ್ಪು ಕ್ರಿಯೋಲ್ ಜನರ ಮನೆಗಳಲ್ಲೂ ಇದೇ ಅನ್ನ, ಇದೇ ಗ್ರೇವಿ. ಅವರು ನಡೆಸುವ ಊಟದಂಗಡಿಗಳೂ ಇಲ್ಲಿ ಬೇಕಾದಷ್ಟಿವೆ. ಅಲ್ಲಿಗೂ ತಪ್ಪದೆ ಹೋಗಿ.

ಅಜ್ಜಿ ಎಲ್ಲರನ್ನೂ "ಶಾ" ಅಂತ ಕರೆಯುತ್ತಾರೆ. ಫ್ರೆಂಚಿನ "ಶೇರ್" ಇಲ್ಲಿ ಹಾಗಾಗಿದೆ. ನಮ್ಮಲ್ಲಿ ಕಂದ ಅಂದ ಹಾಗೆ. ಅದರಾಚೆಗೆ ಅವರಿಗೆ ಫ್ರೆಂಚ್ ಮಾತಾಡಲು ಸಂಕೋಚ. 1921ರ ರಾಜ್ಯದ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಮಾಡಿತು. ಮನೆಮಾತು ಆಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು. "ಇನ್ನು ಮೇಲೆ ಫ್ರೆಂಚ್ ಮಾತಾಡುವುದಿಲ್ಲ" ಅಂತ ನೂರಾರು ಸಲ ಬರೆಸುತ್ತಿದ್ದರು. ಅಜ್ಜಿಯ ಅಣ್ಣ ಹಾಗೆ ಬರೆದವರು. ಅದಕ್ಕೇ ಅಮ್ಮ ನನಗೆ ಕಲಿಸಲಿಲ್ಲ ಅಂತ ಅಜ್ಜಿ ಒಂದು ದಿನ ಕೈ ಒರೆಸಿಕೊಳ್ಳುತ್ತಾ ಹೇಳಿದರು. 1968ರಲ್ಲಿ ಫ್ರೆಂಚ್ ಉಳಿಸಲು ಸರ್ಕಾರವೇ ಒಂದು ಮಂಡಳಿ ಮಾಡಿತು, ಈಗ ಕೆಲವು ಶಾಲೆಗಳಲ್ಲಿ ಮಕ್ಕಳು ಮತ್ತೆ ಕಲಿಯುತ್ತಿದ್ದಾರೆ. ಆದರೆ ಅಡುಗೆಮನೆಯಲ್ಲಿ ಆ ಭಾಷೆ ಯಾವತ್ತೂ ಪೂರ್ತಿ ಹೋಗಿರಲಿಲ್ಲ. ಬೂಡಾನ್, ಎಟೂಫೆ, ಮಾಕ್ ಶೂ, ರೂ, ಎಲ್ಲ ಅಡುಗೆಯ ಮಾತುಗಳೇ. ಗೋಡೆಯ ಬೋರ್ಡು ಓದಿದರೆ ಗೊತ್ತಾಗುತ್ತದೆ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಅನ್ನುವುದು ಎರಡನೇ ಪ್ರಶ್ನೆ. ಇದ್ದದ್ದನ್ನು ಹೇಳುತ್ತೇನೆ, ಬಹಳ ಕಡಿಮೆ. ಹುರುಳಿಕಾಯಿ ಪಲ್ಯದಲ್ಲೂ ಹಂದಿ ಕೊಬ್ಬು ಇರಬಹುದು. ರೆಡ್ ಬೀನ್ಸಿನಲ್ಲಿ ಸಾಸೇಜ್ ಇರುತ್ತದೆ. ಟೊಮೆಟೊ ಹಾಕಿ ಬೆಂಡೆಕಾಯಿಯನ್ನು ಲೋಳೆ ಹೋಗುವವರೆಗೆ ಬೇಯಿಸುತ್ತಾರೆ, ನಮ್ಮ ಗೊಜ್ಜಿಗೆ ಹತ್ತಿರ. ಅದರಲ್ಲೂ ಕೆಲವು ಕಡೆ ಸೀಗಡಿ ಬಿದ್ದಿರುತ್ತದೆ. ಕೇಳಿ ತಿನ್ನಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಅಪ್ಪ ಬಂದಿದ್ದರು. ಕಾಲುವೆ ನೀರಿನ ಗದ್ದೆ ಮಾಡಿದವರು. ನಲವತ್ತು ನಿಮಿಷ ದೂರದ ಕ್ರೌಲಿ ಕಡೆ ಕರೆದುಕೊಂಡು ಹೋದೆ. ಅದು ಭತ್ತದ ನಾಡು. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ನೀರು ಕಟ್ಟಿ ಕ್ರಾಫಿಶ್ ಬೆಳೆಯುತ್ತಾರೆ. ನೀರಿನಲ್ಲಿ ಸಾಲಾಗಿ ಬುಟ್ಟಿಗಳು ನಿಂತಿದ್ದವು. "ನಾವು ಏಡಿ ಹಿಡೀತಿದ್ವಲ್ಲ, ಹಂಗೆ" ಅಂದರು ಅಪ್ಪ. ಬಹಳ ಹೊತ್ತು ಬದುವಿನ ಮೇಲೆ ನಿಂತಿದ್ದರು.

ಅವತ್ತು ಗುರುವಾರ. ಸೀದಾ ಅಂಗಡಿಗೆ ಬಂದೆವು. ಕೋಳಿ, ಅನ್ನ, ಗ್ರೇವಿ. ಅಪ್ಪ ಪ್ಲಾಸ್ಟಿಕ್ ಫೋರ್ಕು ಪಕ್ಕಕ್ಕಿಟ್ಟು, ಕೈಯಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟರು. ತಲೆ ಎತ್ತದೆ ಕೇಳಿದರು. "ಸೀಕಲು ಬಿಡಿಸಿ ಹಾಕವ್ರೆ, ಅಲ್ವೇನ್ಲಾ?" ನಾನು ಅದನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಂದು ಗಳಿಗೆ ಅಪ್ಪನ ಕೈಯನ್ನೇ ನೋಡಿದರು. ಏಪ್ರನ್ ಸರಿಮಾಡಿಕೊಂಡು ಒಳಗೆ ಬನ್ನಿ ಅಂತ ಕರೆದರು. ಪಾತ್ರೆ ಓರೆ ಮಾಡಿ, ಬನ್ನಿನ ತುಂಡಿನಿಂದ ತಳ ಒರೆಸಿ, ಅದನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅಲ್ಲೇ ಒಲೆ ಪಕ್ಕ ನಿಂತು ತಿಂದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ನಾನು ನಡುವೆ ಏನೂ ಹೇಳಬೇಕಾಗಲಿಲ್ಲ.

ಈಗಲೂ ಗುರುವಾರ ಫೋನ್ ಮಾಡಿದರೆ ಅಪ್ಪ ಮೊದಲು ಮಳೆ ಕೇಳುತ್ತಾರೆ, ಆಮೇಲೆ ಆ ಅಜ್ಜಿಯ ಆರೋಗ್ಯ. ಕೊನೆಗೆ, "ತಳ ಒರೆಸಿಕೊಟ್ರಾ ನಿಂಗೆ?"