ನನ್ನ ಮಂಡಿಗೆ ಏನೂ ಆಗಿಲ್ಲ

‘ಈ ವಯಸ್ಸಲ್ಲಿ ಓಡಿದ್ರೆ ಮಂಡಿ ಸವೆದುಹೋಗಲ್ವಾ?’

ಆರು ವರ್ಷದಿಂದ ಇದೊಂದೇ ಪ್ರಶ್ನೆ. ಲಿಫ್ಟಿನಲ್ಲಿ ಕೇಳುತ್ತಾರೆ. ಅರಿಶಿನ ಕುಂಕುಮಕ್ಕೆ ಕರೆದು, ಕೈಗೆ ತಾಂಬೂಲ ಕೊಡುತ್ತಾ ಕೇಳುತ್ತಾರೆ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಸವೆದಿಲ್ಲ. ನನಗೀಗ 49. ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ನೆಲದ ಮೇಲೆ ಕೂತರೆ ಕೈ ಊರದೆ ಏಳುತ್ತೇನೆ.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕವೂ ಇದೆ. ಓಟಕ್ಕೂ ಕೀಲು ಸವೆತಕ್ಕೂ ಏನು ಸಂಬಂಧ ಅಂತ ನೋಡಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ಫಲಿತಾಂಶ 2017ರಲ್ಲಿ ಬಂತು. ನನ್ನ ಹಾಗೆ ಖುಷಿಗೆ ಓಡುವವರಲ್ಲಿ ಮಂಡಿ ಇಲ್ಲವೇ ಸೊಂಟದ ಸವೆತ ಕಂಡಿದ್ದು ನೂರಕ್ಕೆ 3.5 ಜನರಲ್ಲಿ. ಕೂತೇ ಇರುವವರಲ್ಲಿ 10.2. ಸ್ಪರ್ಧೆಗೆಂದು ಓಡುವವರಲ್ಲಿ 13.3. ಅತಿಯಾದರೆ ತೊಂದರೆ ಇದೆ, ಅದು ನಿಜ. ಕೀಲು ಗಟ್ಟಿ ಇದ್ದವರು ಮಾತ್ರ ಓಟ ಮುಂದುವರಿಸುತ್ತಾರೆ, ಅದಕ್ಕೇ ಹಾಗೆ ಕಾಣುತ್ತೆ ಅಂದರೂ ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಕೂತಿರುವವರ ಮಂಡಿ ಬಗ್ಗೆ ಯಾರೂ ಯಾಕೆ ಕೇಳುವುದಿಲ್ಲ?

ಶುರುವಾಗಿದ್ದು ಆಫೀಸಿನಲ್ಲಿ, 2019ರಲ್ಲಿ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಹೋಗ್ತಾ ಬರ್ತಾ ದಿನಕ್ಕೆ ಮೂರು ಗಂಟೆ, ಆಮೇಲೆ ಎಂಟು ಗಂಟೆ ಕುರ್ಚಿ. ಹೀಗಿದ್ದವಳಿಗೆ ವೆಲ್‌ನೆಸ್ ಪ್ರೋಗ್ರಾಂ ಅಂತ ಒಂದು ಮೇಲ್ ಬಂತು. ಮೊದಲು ದಿನಕ್ಕೆ 10,000 ಹೆಜ್ಜೆ ಹಾಕುವ ಚಾಲೆಂಜ್. ಈ ಹತ್ತು ಸಾವಿರ ಡಾಕ್ಟರುಗಳು ಅಳೆದು ಕೊಟ್ಟ ಲೆಕ್ಕವಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಇಟ್ಟ ಹೆಸರು ಅದು. ಗೊತ್ತಾದಾಗ ನನಗೇನೂ ಬೇಜಾರಾಗಲಿಲ್ಲ. ಆ ನೆಪ ಇಲ್ಲದಿದ್ದರೆ ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಆಮೇಲೆ ಒಂಬತ್ತು ವಾರದ ಓಟದ ಪಾಠ. ವಾರಕ್ಕೆ ಮೂರು ದಿನ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ ಇಪ್ಪತ್ತು ನಿಮಿಷ. ಒಂದು ನಿಮಿಷ ಅಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮಂಡಿ ನೋವು ಬಂದೇ ಇಲ್ಲ ಅಂದರೆ ಸುಳ್ಳಾಗುತ್ತೆ. ಮೂರನೇ ತಿಂಗಳು ಬಂತು. ಹುಮ್ಮಸ್ಸಿನಲ್ಲಿ ಎರಡೇ ವಾರದಲ್ಲಿ ದೂರ ದುಪ್ಪಟ್ಟು ಮಾಡಿದ್ದೆ. ಫಿಸಿಯೋಥೆರಪಿಸ್ಟ್ ಮಂಡಿ ಮುಟ್ಟಿ ನೋಡಿ, ತಪ್ಪು ಇಲ್ಲಿಲ್ಲ ಅಂದರು. ತೊಡೆ, ಸೊಂಟದ ಸ್ನಾಯುಗಳಲ್ಲಿ ಶಕ್ತಿ ಇರಲಿಲ್ಲ. ಕುರ್ಚಿಯಲ್ಲಿ ಕೂತು ಏಳು, ಮೆಟ್ಟಿಲು ಹತ್ತಿ ಇಳಿ ಅಂತ ಆರು ವಾರ ಮಾಡಿಸಿದರು. ನೋವು ಹೋಯಿತು. ಅದನ್ನು ಈಗಲೂ ಬಿಟ್ಟಿಲ್ಲ. ಮಂಡಿ ಬಗ್ಗೆ ನಿಜವಾಗಿ ಕಾಳಜಿ ಇರುವವರು ಇದನ್ನು ಕೇಳಿ, ಖುಷಿಯಿಂದ ತೋರಿಸಿಕೊಡುತ್ತೇನೆ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. 2022ರಲ್ಲಿ ಆಫೀಸಿನಿಂದ ವರ್ಲ್ಡ್ 10ಕೆ ಓಟಕ್ಕೆ ಹೋಗಿದ್ದೆವು. ಸೋಮವಾರ ಕ್ಯಾಂಟೀನಿನಲ್ಲಿ, ನನ್ನದೇ ವಯಸ್ಸಿನ ಸಹೋದ್ಯೋಗಿಯನ್ನು ಎಲ್ಲರೂ ‘ಟೈಮಿಂಗ್ ಎಷ್ಟು ಸಾರ್?’ ಅಂದರು. ನನ್ನ ಕಡೆ ತಿರುಗಿ ‘ಮೇಡಂ, ಮಂಡಿ ಹೇಗಿದೆ?’ ಅಂದರು. ನಾನು ಅವರಿಗಿಂತ ನಾಲ್ಕು ನಿಮಿಷ ಮೊದಲು ಮುಗಿಸಿದ್ದೆ. ಒಲಿಂಪಿಕ್ಸಿನಲ್ಲೇ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದು 1984ರಲ್ಲಿ. ಅಲ್ಲಿಯವರೆಗೆ ಅಷ್ಟು ದೂರ ಹೆಣ್ಣಿನ ಮೈಗೆ ಆಗಲ್ಲ ಅಂತಲೇ ಎಷ್ಟೋ ಜನ ನಂಬಿದ್ದರು. ಆಗ ನನಗೆ ಎಂಟು ವರ್ಷ. ತುಂಬಾ ಹಳೇ ಕಾಲವೇನಲ್ಲ, ಅಲ್ವಾ?

ಹೋದ ಯುಗಾದಿಗೆ ಬಸವನಗುಡಿಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದರು. ಎರಡು ಪಂಕ್ತಿ ಊಟ. ನಾನು ಬಗ್ಗಿ ದೊಡ್ಡಪ್ಪನ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ.

‘ಏನಮ್ಮಾ, ಇನ್ನೂ ಓಡ್ತಾನೇ ಇದೀಯಂತೆ? ಮಂಡಿ ಜೋಪಾನ’ ಅಂದರು.

ಆವತ್ತು ನಾನು ಎದ್ದಿದ್ದು ನಾಲ್ಕೂವರೆಗೆ. ಕುಕ್ಕರಗಾಲಲ್ಲಿ ಕೂತು ಬಾಗಿಲ ತುಂಬ ರಂಗೋಲಿ ಹಾಕಿದ್ದೆ. ಹಿಂದಿನ ಬೇಸಿಗೆಯಲ್ಲಿ ನೀರಿಲ್ಲದೆ ಸಂಪಿನಿಂದ ಎರಡನೇ ಮಹಡಿಗೆ ತಿಂಗಳುಗಟ್ಟಲೆ ಬಿಂದಿಗೆ ಹೊತ್ತಿದ್ದೆ. ಆಗ ಈ ಮಂಡಿಯನ್ನು ಯಾರೂ ವಿಚಾರಿಸಿರಲಿಲ್ಲ. ದೊಡ್ಡಪ್ಪನಿಗೆ ಅದನ್ನೇ ಹೇಳಿದೆ. ಮೆತ್ತಗೇ ಹೇಳಿದೆ, ಆದರೂ ಪಂಕ್ತಿ ಸುಮ್ಮನಾಯಿತು. ಅವರು ಒಳ್ಳೆಯವರು. ‘ಹೌದಲ್ವಾ’ ಅಂದು ಎಲೆ ನೋಡುತ್ತಾ ಕೂತರು.

ಸಂಜೆ ಪಾತ್ರೆ ಒರೆಸಿಡುವಾಗ ಅಮ್ಮ ಹತ್ತಿರ ಬಂದಳು. ಅವಳಿಗೆ 74. ಆರು ವರ್ಷದಲ್ಲಿ ನನ್ನ ಓಟದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

‘ಅಲ್ಲ ಕಣೇ, ಓಡೋವಾಗ ನಿನ್ನ ಯಾರೂ ಕೂಗಲ್ವಾ?’

ಇಷ್ಟು ವರ್ಷ ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಅವಳು ಕೇಳುವವರೆಗೆ ನನಗೇ ಗೊತ್ತಿರಲಿಲ್ಲ. ಒರೆಸುವ ಬಟ್ಟೆ ಕೆಳಗಿಟ್ಟು ಹೇಳಿದೆ. ಯಾರೂ ಕೂಗಲ್ಲಮ್ಮ. ಫೋನ್ ಮನೆಯಲ್ಲೇ ಇರುತ್ತೆ. ಗಾಂಧಿ ಬಜಾರಿನಲ್ಲಿ ಹೂವಿನವರು ಆಗಷ್ಟೇ ಸೇವಂತಿಗೆ ಮೂಟೆ ಬಿಚ್ಚುತ್ತಿರುತ್ತಾರೆ. ನಾಯಿಗಳಿಗೂ ನನ್ನ ಗುರುತು ಸಿಕ್ಕಿದೆ, ಬೊಗಳಲ್ಲ. ಲಾಲ್‌ಬಾಗಿಗೆ ಹೋಗಿ ಬಂಡೆಯ ಪಕ್ಕ ಹಾದು ಕೆರೆಯ ಕಡೆ ಇಳಿಯುತ್ತೇನೆ. ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಅದರ ಪಕ್ಕದಲ್ಲಿ ‘ಈ ವಯಸ್ಸಲ್ಲಿ’ ಅನ್ನುವ ಮಾತು ನೆನಪಿಗೇ ಬರಲ್ಲ. ತಿಂಡಿಗೆ ಏನು ಮಾಡಲಿ ಅಂತಲೂ ಯೋಚಿಸಲ್ಲ. ಉಸಿರು ಒಂದೇ ಕೇಳಿಸುತ್ತೆ.

‘ಪೂರ್ತಿ ಒಂದು ಗಂಟೆನಾ?’ ಅಂದಳು ಅಮ್ಮ.

‘ಪೂರ್ತಿ.’

ಈಗ ಭಾನುವಾರ ಅವಳೂ ಬರುತ್ತಾಳೆ. ಲಾಲ್‌ಬಾಗಿನ ವೆಸ್ಟ್ ಗೇಟಿನವರೆಗೆ ಆಟೋ. ಅಲ್ಲಿಂದ ನಾನು ಓಡುತ್ತೇನೆ, ಅವಳು ತನ್ನ ಪಾಡಿಗೆ ನಡೆಯುತ್ತಾಳೆ. ಫೋನನ್ನು ದೇವರ ಮನೆಯ ಗೂಡಿನಲ್ಲಿಟ್ಟು ಬರುತ್ತಾಳೆ.