ತಿಕೊಚಿನ್‌ನ ಇನ್ನೊಂದು ತುದಿ

ಪೋಲೆಂಡ್‌ನ ಈಶಾನ್ಯ ಮೂಲೆಯಲ್ಲಿ, ನಾರೆವ್ ನದಿಯ ದಂಡೆಯಲ್ಲಿ ತಿಕೊಚಿನ್ ಅನ್ನೋ ಪುಟ್ಟ ಊರಿದೆ. ಈಗಿನ ಜನಸಂಖ್ಯೆ ಸುಮಾರು 2,000. ಬಿಯಾವಿಸ್ತೊಕ್ ನಗರದಿಂದ ಬಸ್ಸಿನಲ್ಲಿ ಬಂದರೆ ಮೊದಲು ಕಾಣೋದು ಪೂರ್ವದ ತುದಿ: ಜೋಡಿ ಗೋಪುರದ ಚರ್ಚು, ಅದರ ಮುಂದೆ ದೊಡ್ಡ ಚೌಕ, ನಡುವೆ ಸೇನಾಪತಿ ಸ್ತೆಫಾನ್ ಚಾರ್ನೆಟ್ಸ್ಕಿಯ ಪ್ರತಿಮೆ. ಸ್ವೀಡನ್ನರ ವಿರುದ್ಧ ಗೆದ್ದದ್ದಕ್ಕೆ ಈ ಊರನ್ನೇ ಇನಾಮಾಗಿ ಪಡೆದವನು ಆತ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪಶ್ಚಿಮದ ತುದಿ. ಅಲ್ಲಿ 1642ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಯಹೂದಿಗಳನ್ನು ಇಲ್ಲಿಗೆ ಕರೆಸಿ ನೆಲೆ ಕೊಟ್ಟದ್ದು 1522ರಲ್ಲಿ. ಒಳಗೆ ಹೋದರೆ ನಾಲ್ಕು ದಪ್ಪ ಕಂಬಗಳ ನಡುವೆ ಎತ್ತರದ ವೇದಿಕೆ, ಸುತ್ತ ಗೋಡೆ ತುಂಬ ಹೀಬ್ರೂ ಪ್ರಾರ್ಥನೆಗಳು. ಪುಸ್ತಕ ಕೈಯಲ್ಲಿಲ್ಲದವರು ಗೋಡೆ ನೋಡಿ ಓದಬಹುದಿತ್ತು. ಓದೋರೇ ಈಗಿಲ್ಲ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಊರಿನ ಸುಮಾರು ಅರ್ಧದಷ್ಟು ಜನ ಯಹೂದಿಗಳು. 1941ರ ಆಗಸ್ಟ್ 25ರ ಬೆಳಗ್ಗೆ ಅವರೆಲ್ಲ ಚೌಕಕ್ಕೆ ಬರಬೇಕು ಅಂತ ಜರ್ಮನ್ನರ ಆಜ್ಞೆಯಾಯಿತು. ಆವತ್ತು ಮತ್ತು ಮರುದಿನ, ಹತ್ತಿರದ ವೊಪುಖೊವೊ ಕಾಡಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಿನಗಾಗ್ ಗೋದಾಮಾಯಿತು. 1970ರ ದಶಕದಲ್ಲಿ ಅದನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದರು.

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಜೊತೆಗೆ ಕಾಲೇಜು ಓದುವ ಮೊಮ್ಮಗಳು. ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು.

"ಈಗ ಯಹೂದಿಗಳ ಮನೆ ಎಷ್ಟಿವೆ?" ಅಂತ ಕೇಳಿದೆ.

"ಮನೆಗಳಿವೆ. ಅವರಿಲ್ಲ," ಅಂದರು ಅಜ್ಜಿ. ತಮ್ಮ ಮನೆಯೂ ಅಂಥದ್ದೇ ಅಂತ ಸೇರಿಸಿದರು, ಯಾವ ಹಿಂಜರಿಕೆಯೂ ಇಲ್ಲದೆ.

ಪುರಿಮ್ ಅನ್ನೋ ಯಹೂದಿ ಹಬ್ಬದ ನಾಟಕವನ್ನು ಇಲ್ಲಿನ ಕ್ಯಾಥೊಲಿಕ್ ಜನರೇ ವೇಷ ಹಾಕಿ ಆಡಿದ್ದಾರೆ ಅಂತ ಓದಿದ್ದೆ. ಅದನ್ನೂ ಕೇಳಿದೆ. ಹುಡುಗಿ ಮುಖ ಸಿಂಡರಿಸಿ, "ನನಗಂತೂ ಸರಿ ಅನ್ನಿಸಲ್ಲ. ಸತ್ತವರ ಗಡ್ಡ ಅಂಟಿಸಿಕೊಂಡ ಹಾಗೆ" ಅಂದಳು. ಅಜ್ಜಿಗೆ ಮೊಮ್ಮಗಳ ಮಾತು ಮುಖದಲ್ಲೇ ಗೊತ್ತಾಯಿತೇನೋ, ಜೋರಾಗಿ ಏನೋ ಹೇಳಿದರು.

"ಅಜ್ಜಿ ಏನಂತಾರೆ?"

"ನಾವು ಆಡದಿದ್ದರೆ ನಿನಗೆ ಪುರಿಮ್ ಅಂದರೇನು ಅಂತಾನೇ ಗೊತ್ತಿರುತ್ತಿರಲಿಲ್ಲ ಅಂತಾರೆ."

ಇಬ್ಬರೂ ಪೋಲಿಷ್‌ನಲ್ಲಿ ಜಗಳಕ್ಕಿಳಿದರು, ನನ್ನನ್ನು ಮರೆತೇಬಿಟ್ಟರು. ನನಗೆ ಹುಡುಗಿಯ ಕಡೆ ಒಲವು ಜಾಸ್ತಿ. ಆದರೆ ಅಜ್ಜಿಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನದಿಯಾಚೆಯ ಕೋಟೆಯನ್ನು ಇತ್ತೀಚೆಗೆ ಮತ್ತೆ ಕಟ್ಟಿದ್ದಾರೆ. ಸಿನಿಮಾ ಸೆಟ್ಟಿನ ಹಾಗಿದೆ, ಬಿಟ್ಟರೂ ನಷ್ಟವಿಲ್ಲ. ಆಲೂಗಡ್ಡೆಯ ಕುಗೆಲ್ ಮಾತ್ರ ತಿನ್ನಿ. ತುರಿದು ಬೇಯಿಸಿದ್ದು, ಅಂಚು ಗರಿಗರಿ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಮಾಂಸ ಸೇರಿಸಿರುತ್ತಾರೆ.

ಇನ್ನು ಬಸ್ಸು. ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ಪುಟ್ಟ ಅಕ್ಷರಗಳಿರುತ್ತವೆ. 'ಡಿ' ಇದ್ದರೆ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಆ ಬಸ್ಸು. ಅರ್ಥ ಹೇಳುವ ಸಾಲು ಬೋರ್ಡಿನ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಪೋಲಿಷ್‌ನಲ್ಲಿ! ಭಾನುವಾರ ಸಂಜೆ ಚೌಕದಲ್ಲಿ ಕಾದು ಕಾದು, ಕೊನೆಗೆ ಟ್ಯಾಕ್ಸಿಗೆ ದುಡ್ಡು ಸುರಿದೆ. ನೀವು ವಾರದ ದಿನ ಹೋಗಿ.