ರೋಮನ್ ಬೊಂಬೆಗಳು: ಮೂರನೆಯವನ ಹೆಲ್ಮೆಟ್ಟೇ ಮುಗಿಯುತ್ತಿಲ್ಲ

ನಾಲ್ಕು ರೋಮನ್ ಸೈನಿಕರು. 28 ಮಿಲಿಮೀಟರ್ ಎತ್ತರ. ಒಬ್ಬೊಬ್ಬನ ಮೈಮೇಲಿನ ಸಾಮಾನು ನೋಡಿದರೆ ಎದುರಿಗಿದ್ದ ಶತ್ರು ಯಾರೆಂದು ಗೊತ್ತಾಗಬೇಕು, ಅಷ್ಟೇ ನನ್ನ ಪ್ಲಾನ್.

ಮೊದಲನೆಯವನು ಮುಗಿದಿದ್ದಾನೆ. ಕ್ರಿ.ಪೂ. 202ರ ಜಾಮಾ ಯುದ್ಧದ ಹಗುರ ಈಟಿಗಾರ. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ಆನೆಗಳು ನುಗ್ಗಿ ಹೋಗಲೆಂದೇ ರೋಮನ್ ಸೇನಾಪತಿ ಸಿಪಿಯೋ ತುಕಡಿಗಳ ನಡುವೆ ನೇರ ದಾರಿ ಬಿಟ್ಟಿದ್ದ. ಆ ಸಂದಿಯಲ್ಲಿ ನಿಂತು ಅದನ್ನು ಮರೆಮಾಡಿದವರು ಈ ಹುಡುಗರು. ಒಂಟಿ ಬೊಂಬೆಯಲ್ಲಿ ಇದನ್ನೆಲ್ಲ ತೋರಿಸೋದು ಹೇಗೆ? ಪೀಠದ ಹಸಿ ಪುಟ್ಟಿ ಮೇಲೆ ಪೆನ್ನಿನ ಮುಚ್ಚಳ ಒತ್ತಿ ಒಂದು ಆನೆ ಹೆಜ್ಜೆ ಮೂಡಿಸಿದೆ.

ಎರಡನೆಯವನು ಕವಣೆಗಾರ. ಕ್ರಿ.ಪೂ. 53ರಲ್ಲಿ ಕಾರೆ ಎಂಬಲ್ಲಿ ಪಾರ್ಥಿಯಾದ (ಈಗಿನ ಇರಾನ್ ಕಡೆಯ) ಕುದುರೆ ಬಿಲ್ಲುಗಾರರು ರೋಮನ್ ಸೇನಾಪತಿ ಕ್ರಾಸಸ್‌ನ ಸೈನ್ಯವನ್ನು ದೂರದಿಂದಲೇ ಮುಗಿಸಿದ್ದರು. ಮುಂದೆ ಇನ್ನೊಬ್ಬ ರೋಮನ್ ಸೇನಾಪತಿ ವೆಂಟಿಡಿಯಸ್ ಅವರ ಮೇಲೆ ಕವಣೆಗಾರರನ್ನು ಬಿಟ್ಟು ಗೆದ್ದ. ಇವನಿಗೆ ಬಣ್ಣ ಕಡಿಮೆ, ಎರಡೇ ಸಂಜೆಯ ಕೆಲಸ.

ತಲೆನೋವು ಮೂರನೆಯವನದು. 101ರಿಂದ 106ರವರೆಗಿನ ಡೇಸಿಯಾ (ಈಗಿನ ರೊಮೇನಿಯಾ ಕಡೆ) ಯುದ್ಧದವನು. ಡೇಸಿಯನ್ನರ ಫಾಲ್ಕ್ಸ್ ಅಂದರೆ ಹೆಚ್ಚುಕಡಿಮೆ ನಮ್ಮ ಕುಡುಗೋಲೇ, ಹಿಡಿ ಮಾತ್ರ ಉದ್ದ. ಎರಡೂ ಕೈಯಲ್ಲಿ ಬೀಸಿದರೆ ಗುರಾಣಿ ದಾಟಿ ತಲೆಗೆ ಬೀಳುತ್ತದೆ, ಇಲ್ಲವೇ ಕತ್ತಿ ಹಿಡಿದ ಬಲಗೈಗೆ. ರೋಮನ್ನರು ಹೊಸ ಹೆಲ್ಮೆಟ್ ಬರಲೆಂದು ಕಾಯಲಿಲ್ಲ. ಇದ್ದದ್ದಕ್ಕೇ ಅಡ್ಡಡ್ಡ ಎರಡು ಕಬ್ಬಿಣದ ಪಟ್ಟಿ ಬಡಿದರು, ಬಲಗೈಗೆ ಲೋಹದ ತೋಳು ತೊಡಿಸಿದರು. ಈ ಒರಟು ರಿಪೇರಿ ನನಗೆ ಸಿಪಿಯೋನ ಆನೆ ಉಪಾಯಕ್ಕಿಂತ ಜಾಸ್ತಿ ಇಷ್ಟ.

ತಪ್ಪು ನನ್ನದೇ. ಇದೇ ಯುದ್ಧವನ್ನು ಕೆತ್ತಿರುವ ರೋಮ್‌ನ ಟ್ರಾಜನ್ ಕಂಬ ನೋಡಿ ಪಟ್ಟಿಪಟ್ಟಿ ಎದೆಕವಚವನ್ನು ಬಣ್ಣದಲ್ಲಿ ಬಿಡಿಸಿದ್ದೆ. ಅಲ್ಲಿ ಎಲ್ಲರೂ ಯೂನಿಫಾರ್ಮ್ ಹಾಕಿದ ಹಾಗೆ ನೀಟಾಗಿದ್ದಾರೆ, ಅನುಮಾನ ಬರಬೇಕಿತ್ತು ಅಲ್ವಾ? ರೊಮೇನಿಯಾದ ಆದಮ್‌ಕ್ಲಿಸಿಯಲ್ಲಿ 109ರ ಸ್ಮಾರಕವಿದೆ, ಯುದ್ಧ ನಡೆದ ಕಡೆಗೆ ಹತ್ತಿರ. ಅದರ ಕೆತ್ತನೆ ಒರಟು, ಆದರೆ ಸೈನಿಕರ ಮೈಮೇಲೆ ಸರಪಳಿ ಕವಚ, ಬಲಗೈಗೆ ಆ ತೋಳು. ಎದೆಯ ಬಣ್ಣವನ್ನೆಲ್ಲ ಕೆರೆದು ಸರಪಳಿ ಶುರುಮಾಡಿದೆ.

ನಿನ್ನೆ ರಾತ್ರಿ ತಾಮ್ರದ ತಂತಿ ಚಪ್ಪಟೆ ಮಾಡಿ ಹೆಲ್ಮೆಟ್‌ಗೆ ಅಂಟಿಸಿದೆ. ಮೊಳೆ ತಲೆಗಳಿಗೆ ಟೂತ್‌ಪಿಕ್ ತುದಿಯಲ್ಲಿ ಅಂಟಿನ ಚುಕ್ಕೆ. ಐದು ಚೆನ್ನಾಗಿ ಕೂತವು. ಆರನೆಯದು ಜಾರಿ ಎಡಗಣ್ಣಿನ ಮೇಲೆ ಬಂದಿದೆ. ಒಣಗಿದ ಮೇಲೆ ಬ್ಲೇಡ್‌ನಿಂದ ಎಬ್ಬಿಸಬೇಕು. ನಾಲ್ಕನೆಯವನು, ಉದ್ದ ಕತ್ತಿ, ಮೊಟ್ಟೆಯಾಕಾರದ ಗುರಾಣಿಯ ನಾಲ್ಕನೇ ಶತಮಾನದವನು, ಇನ್ನೂ ಡಬ್ಬಿಯಲ್ಲೇ ಇದ್ದಾನೆ.